ಟ್ಯಾಗ್ 47 ಮತ್ತು ಮೆಟ್ಟಿಲ ಮೇಲಿನ ಅಡಿಕೆ

ಅಡಿಕೆಗೊನೆ ಕೊಯ್ಲಿನ ಹೊತ್ತಿಗೆ ನಾಲ್ಕು ದಿನ ರಜೆ ಹಾಕಿ ಶಿರಸಿ ಹತ್ತಿರದ ನಮ್ಮೂರಿಗೆ ಹೋಗಿದ್ದೆ. ರಾತ್ರಿ ಎಂಟೂವರೆ. ಜಗುಲಿಯಲ್ಲಿ ಆರು ಜನ ಮೆಟ್ಟುಗತ್ತಿ ಮೆಟ್ಟಿಕೊಂಡು ಹಸಿ ಅಡಿಕೆ ಸುಲಿಯುತ್ತಿದ್ದರು. ಅಂಗಳದ ಮೂಲೆಯ ಹಂಡೆಯಲ್ಲಿ ಆಗಲೇ ಸುಲಿದದ್ದು ಬೇಯುತ್ತಿತ್ತು. ನಮ್ಮ ಜಗುಲಿಯ ಬಲತುದಿಗೆ ಮಾತ್ರ ಸಿಗ್ನಲ್ಲು. ಅಲ್ಲಿಟ್ಟಿದ್ದ ಫೋನು ಸದ್ದು ಮಾಡಿತು. ನಾನು ಕೆಲಸ ಮಾಡುವ, ಮುಂಬೈ ಹತ್ತಿರದ ಭಿವಂಡಿಯ ಗೋದಾಮಿನಿಂದ ತಾನಾಗಿಯೇ ಬಂದ ಸಂದೇಶ: ಟ್ಯಾಗ್ 47, ನೀರಿನ ಜಾಗ, 38 ನಿಮಿಷ.

ಪಕ್ಕದಲ್ಲಿ ಕೂತಿದ್ದ ಅಕ್ಕ ನಾನು ಸಣ್ಣವನಿದ್ದಾಗಿನಿಂದ ನಮ್ಮನೆಗೆ ಸುಲಿಯಲು ಬರುವವಳು. "ಎಂತದು ತಮಾ?" ಅಂದಳು. ವಿವರಿಸಿದೆ. ಅವಳು ಕೈ ನಿಲ್ಲಿಸಲಿಲ್ಲ. "ನೀರು ಕುಡ್ಯೂಕೆ ಹೋದ್ರೂ ನಿನ್ ಫೋನಿಗೆ ಗೊತ್ತಾಗ್ತದಾ? ಹಂಗಾರೆ ಅಪ್ಪಯ್ಯಂಗೂ ಒಂದು ತಂದ್ಕೊಡು" ಅಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ, ಸ್ವಲ್ಪ ತಡವಾಗಿ.

ಹದಿನಾಲ್ಕು ವರ್ಷದಿಂದ ನಾನು ಮಹಾರಾಷ್ಟ್ರದಲ್ಲಿದ್ದೇನೆ. ಒಂದು ಗೋದಾಮಿನಲ್ಲಿ ಶಿಫ್ಟ್ ನೋಡಿಕೊಳ್ಳುವುದು ಕೆಲಸ. ದಸರಾದಿಂದ ದೀಪಾವಳಿವರೆಗೆ ಆನ್‌ಲೈನ್ ಮಾರಾಟದ ಸುಗ್ಗಿ. ಕಾಯಂ ಜನ ಸಾಲದೆ ಗುತ್ತಿಗೆದಾರ ದಿನಗೂಲಿಯವರನ್ನು ವ್ಯಾನಿನಲ್ಲಿ ತುಂಬಿಕೊಂಡು ಬರುತ್ತಾನೆ. ಗೇಟಿನಲ್ಲಿ ಬುಟ್ಟಿಯೊಳಗಿಂದ ಒಂದೊಂದು ಟ್ಯಾಗ್ ತೆಗೆದು ಕೊರಳಿಗೆ ಹಾಕುತ್ತೇವೆ. ಕಾಯಂ ನೌಕರರ ಟ್ಯಾಗಿನಲ್ಲಿ ಹೆಸರು, ಫೋಟೊ ಇರುತ್ತದೆ. ಇವರದ್ದರಲ್ಲಿ ಬರೀ ನಂಬರು. ನಿನ್ನೆ ಅದೇ ಟ್ಯಾಗ್ ಬೇರೆ ಯಾರದೋ ಕೊರಳಲ್ಲಿತ್ತು.

ತಗಡಿನ ಚಾವಣಿಯ ಕೆಳಗೆ ಜಿಪಿಎಸ್ ನಡೆಯುವುದಿಲ್ಲ. ಹಾಗಾಗಿ ಕಂಬಕಂಬಕ್ಕೂ ಬ್ಲೂಟೂತ್ ಪೆಟ್ಟಿಗೆ. ಕೊರಳ ಟ್ಯಾಗ್ ಕೆಲವು ಸೆಕೆಂಡಿಗೊಮ್ಮೆ ಕೂಗುತ್ತದೆ. ಯಾವ ಪೆಟ್ಟಿಗೆಗೆ ಆ ಕೂಗು ಜೋರಾಗಿ ಕೇಳಿತೋ ಅದರ ಹತ್ತಿರ ಆ ಮನುಷ್ಯ ಇದ್ದಾನೆ ಎಂದು ಲೆಕ್ಕ. ಅಂದಾಜೇ ಹೊರತು ಅಳತೆ ಅಲ್ಲ. ಉಕ್ಕಿನ ರ್‍ಯಾಕಿಗೆ ಬಡಿದು ಸಿಗ್ನಲ್ ತಿರುಗುತ್ತದೆ, ನೀರು ಅದನ್ನು ಹೀರಿಕೊಳ್ಳುತ್ತದೆ. ಅಲ್ಟ್ರಾ ವೈಡ್‌ಬ್ಯಾಂಡ್ ಎಂಬ ಇನ್ನೊಂದು ಬಗೆಯಲ್ಲಿ ಸಿಗ್ನಲ್ ಹೋಗಿ ಮುಟ್ಟುವ ಸಮಯವನ್ನೇ ಅಳೆದು ಗೇಣಿನ ಲೆಕ್ಕದಲ್ಲಿ ಜಾಗ ಹೇಳಬಹುದು. ಆದರೆ ಅದು ದುಬಾರಿ. ಅದಿರುವ ಕಡೆ ಫೋರ್ಕ್‌ಲಿಫ್ಟ್ ಹತ್ತಿರ ಜನ ಬಂದರೆ ಗಂಟೆ ಹೊಡೆಯುತ್ತದೆ, ಕಾಲು ಉಳಿಯುತ್ತದೆ. ಅಂಥ ಟ್ಯಾಗಿಗೆ ನನ್ನ ತಕರಾರಿಲ್ಲ.

ಟ್ಯಾಗ್ 47 ಧರಿಸಿದ್ದವಳು ವಿಜಯಪುರ ಕಡೆಯ ಹೆಣ್ಣುಮಗಳು. ಕನ್ನಡದವಳೆಂದು ನಾನು ನಾಲ್ಕು ಮಾತಾಡಿಸುತ್ತಿದ್ದೆ. ರಾತ್ರಿಯೇ ಫೋನ್ ಮಾಡಿ ವಿಚಾರಿಸಿದರೆ, "ಸರ, ನಾ ಶಾಂಪೂ ಸಾಲಿನಾಗ ಇದ್ನ್ರೀ, ನೀರಿನ ಕಡೀಗಿ ಹೊಳ್ಳಿ ಸುದ್ದಾ ನೋಡಿಲ್ಲ" ಅಂದಳು. ನಂಬಬಹುದಾದ ಮಾತೇ. ಆ ಸಾಲಿನ ಎರಡೂ ಬದಿಗೆ ಆಳೆತ್ತರ ಶಾಂಪೂ, ಶರಬತ್ತಿನ ಕಾರ್ಟನ್ನು, ಅಂದರೆ ನೀರಿನ ಗೋಡೆ. ಹತ್ತಿರದ ಪೆಟ್ಟಿಗೆಗೆ ಅವಳ ಟ್ಯಾಗಿನ ಕೂಗು ಮುಟ್ಟಿಲ್ಲ. ಸಾಲಿನ ತೆರೆದ ಬಾಯಿಯ ಎದುರಿಗೆ ನೀರಿನ ಯಂತ್ರ, ಅದರ ಮೇಲಿನ ಪೆಟ್ಟಿಗೆಗೆ ಮುಟ್ಟಿದೆ. ಅವಳ ಸ್ಕ್ಯಾನರಿನ ದಾಖಲೆ ತೆಗೆಸಿ ನೋಡಿದೆ. ಆ 38 ನಿಮಿಷದಲ್ಲಿ ಸಾಮಾನು ತೆಗೆಯುತ್ತಲೇ ಇದ್ದಾಳೆ. ನಮ್ಮದೇ ಎರಡು ಯಂತ್ರಗಳಲ್ಲಿ ಒಂದು ಅವಳು ದುಡಿದಳೆನ್ನುತ್ತದೆ, ಇನ್ನೊಂದು ಕೂತಳೆನ್ನುತ್ತದೆ. ಗುತ್ತಿಗೆದಾರನಿಗೆ ಹೋಗುವುದು ಎರಡನೆಯದರ ಪಟ್ಟಿ ಮಾತ್ರ, ಕೂತರೆಂದು ಲೆಕ್ಕವಾದವರು ಅದರಲ್ಲಿ ಕೆಂಪು. ಕಾಯಂ ನೌಕರನ ಹೆಸರು ಕೆಂಪಾದರೆ ನೋಟಿಸು, ವಿಚಾರಣೆ, ಯೂನಿಯನ್ನು. ಇವಳ ನಂಬರು ಕೆಂಪಾದರೆ ಮರುದಿನ ವ್ಯಾನು ಅವಳ ಓಣಿಯಲ್ಲಿ ನಿಲ್ಲುವುದಿಲ್ಲ, ಅಷ್ಟೆ. ಕಾರಣ ಹೇಳುವವರೂ ಇಲ್ಲ, ಕೇಳುವ ಜಾಗವೂ ಇಲ್ಲ.

ನಮ್ಮ ಕಡೆ ಎಣಿಕೆ ಇಲ್ಲ ಅಂತಲ್ಲ. ಸುಲಿದ ಅಡಿಕೆ ಡಬ್ಬದ ಲೆಕ್ಕ. ಡಬ್ಬ ತುಂಬಿದಾಗಲೆಲ್ಲ ಅಪ್ಪಯ್ಯ ಗೋಡೆಗೆ ಇದ್ದಿಲಿನಲ್ಲಿ ಒಂದು ಗೆರೆ ಎಳೆಯುತ್ತಾರೆ. ಅಕ್ಕ ತನ್ನ ಪಕ್ಕದ ಮೆಟ್ಟಿಲ ಮೇಲೆ ಸಿಪ್ಪೆ ಸಮೇತ ಒಂದು ಅಡಿಕೆ ಇಡುತ್ತಾಳೆ. ರಾತ್ರಿ ಏಳುವಾಗ ಗೆರೆಗೂ ಅಡಿಕೆಗೂ ತಾಳೆ ನೋಡುತ್ತಾರೆ. ಆ ದಿನ ಗೋಡೆಯಲ್ಲಿ ಆರು, ಮೆಟ್ಟಿಲಲ್ಲಿ ಏಳು. "ಮಗು ಅತ್ತಾಗ ಒಳಗೆ ಎದ್ದು ಹೋದ್ರಲ, ಆಗಿಂದು" ಎಂದಳು. ಅಪ್ಪಯ್ಯ ಗೊಣಗಿದರು, ಇನ್ನೊಂದು ಗೆರೆ ಎಳೆದರು. ಮರ ಹತ್ತಿ ಗೊನೆ ಕೊಯ್ಯುವ ಕೊನೆಗೌಡನದ್ದೂ ಹೀಗೇ. ಕೊಯ್ದ ಗೊನೆಗಳ ಲೆಕ್ಕಕ್ಕೆ ಕೂಲಿ. ಅವನು ಮರದ ತುದಿಯಲ್ಲೇ ಕಾಲು ಗಂಟೆ ಕವಳ ಜಗಿಯುತ್ತ ಕೂತರೂ ಯಾರ ಗಂಟೂ ಹೋಗುವುದಿಲ್ಲ.

ಊರು ಅಂದರೆ ಸ್ವರ್ಗ ಎಂದು ಬರೆಯುವ ಹೊರನಾಡ ಚಾಳಿ ನನಗೆ ಬೇಡ. ಅಪ್ಪಯ್ಯನ ಕೆಮ್ಮೇ ಒಂದು ಸೆನ್ಸರ್ ಆಗಿತ್ತು, ಕೇಳಿದರೆ ಮಾತು ನಿಂತು ಕತ್ತಿ ಚುರುಕಾಗುತ್ತಿತ್ತು. ನಮ್ಮನೆಯಲ್ಲಿ ಅಕ್ಕನ ಚಹಾಕ್ಕೆ ಬೇರೆ ಲೋಟವೂ ಇತ್ತು, ಅಂಗಳದ ಮಾಡಿನ ಸಂದಿಯಲ್ಲಿ ಸಿಕ್ಕಿಸಿಟ್ಟದ್ದು. ಇವತ್ತು ಅವಳ ಮಾತಿಗೆ ಬೆಲೆ ಬಂದಿದ್ದರೆ ಅರ್ಧ ಕಾರಣ ಸುಲಿಯುವವರು ಸಿಗದೇ ಇರುವುದು. ಆದರೂ ಅವಳ ಲೆಕ್ಕ ಅವಳ ಕೈಯಳತೆಯಲ್ಲಿತ್ತು. ಟ್ಯಾಗ್ 47ರ ಲೆಕ್ಕ ಶಿರಸಿಯಲ್ಲಿ ಕೂತ ನನಗೆ ಕಾಣುತ್ತಿತ್ತು, ಅದನ್ನು ಹೊತ್ತವಳಿಗೆ ಕಾಣುತ್ತಿರಲಿಲ್ಲ.

ಇರುವ ಜಾಗ ತಿಳಿಸುವ ಯಂತ್ರವನ್ನು ನಮ್ಮ ಜಿಲ್ಲೆ ಬೇಡ ಎಂದದ್ದೂ ಇಲ್ಲ. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ಬೋಟು ಏಳು ಮೀನುಗಾರರೊಂದಿಗೆ ಕಾಣೆಯಾಯಿತು. ಅವರಲ್ಲಿ ಐವರು ಉತ್ತರ ಕನ್ನಡದವರು. ಮಹಾರಾಷ್ಟ್ರದ ಮಾಲ್ವಣದ ಆಚೆ ಸಮುದ್ರದ ತಳದಲ್ಲಿ ಅವಶೇಷ ಸಿಕ್ಕಿದ್ದು 2019ರ ಮೇ ತಿಂಗಳಲ್ಲಿ. ಅಷ್ಟು ತಿಂಗಳು ಆ ಮನೆಗಳವರು ಕೇಳಿದ್ದು ಒಂದೇ: ಎಲ್ಲಿದ್ದಾರೆ? ಈಗ ಬೋಟುಗಳಿಗೆ ಕೊಡುತ್ತಿರುವ ಇಸ್ರೊ ತಂತ್ರಜ್ಞಾನದ ಟ್ರಾನ್ಸ್‌ಪಾಂಡರಿನಲ್ಲಿ ಬೋಟಿನವರೇ ದಡಕ್ಕೆ ಅಪಾಯದ ಸಂದೇಶ ಕಳಿಸಬಹುದು. ನಮ್ಮ ಟ್ಯಾಗಿನಲ್ಲಿ ಒತ್ತಲು ಒಂದು ಗುಂಡಿಯೂ ಇಲ್ಲ.

ಫ್ರಾನ್ಸಿನಲ್ಲಿ ಈ ಬಗ್ಗೆ ಜಗಳ ಆಗಿದೆ. ಅಲ್ಲಿನ ಖಾಸಗಿತನ ಕಾಯುವ ಸಂಸ್ಥೆ ಸಿಎನ್‌ಐಎಲ್, ಅಮೆಜಾನ್‌ನ ಗೋದಾಮು ಕಂಪನಿಗೆ 3.2 ಕೋಟಿ ಯೂರೊ ದಂಡ ಹಾಕಿದ್ದು 2024ರ ಜನವರಿಯಲ್ಲಿ ಹೊರಬಿತ್ತು. ಸ್ಕ್ಯಾನರು ಹತ್ತು ನಿಮಿಷ ಸುಮ್ಮನಿದ್ದರೂ ದಾಖಲೆ, ಒಂದು ಸಾಮಾನಿನ ಹಿಂದೆ 1.25 ಸೆಕೆಂಡಿನೊಳಗೆ ಇನ್ನೊಂದು ಸ್ಕ್ಯಾನ್ ಮಾಡಿದರೂ ದಾಖಲೆ. ನನಗೆ ನಾಟಿದ್ದು ಅದರಲ್ಲಿನ ಇನ್ನೊಂದು ಮಾತು: ಹೀಗೆ ದಾಖಲಾಗುತ್ತಿದೆ ಎಂದು ಹಂಗಾಮಿ ಕೆಲಸಗಾರರಿಗೆ 2020ರ ಏಪ್ರಿಲ್‌ವರೆಗೆ ಸರಿಯಾಗಿ ತಿಳಿಸಿಯೇ ಇರಲಿಲ್ಲವಂತೆ. ನಮ್ಮಲ್ಲಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆಯ 7ನೇ ಕಲಮು ಉದ್ಯೋಗದ ಉದ್ದೇಶಕ್ಕೆ ಒಪ್ಪಿಗೆ ಕೇಳಬೇಕಿಲ್ಲ ಎನ್ನುತ್ತದೆ. ನಮ್ಮ ಗೇಟಿನ ಹೊರಗೆ ಲಾರಿ ಇಳಿಸುವ ಮಾಥಾಡಿ ಹಮಾಲರಿಗಾದರೂ ಮಹಾರಾಷ್ಟ್ರದ 1969ರ ಕಾಯ್ದೆಯಿದೆ, ಮಂಡಳಿಯಿದೆ. ಒಳಗೆ ಕೊರಳಿಗೆ ನಂಬರು ಹಾಕಿಕೊಂಡವರಿಗೆ ನಾನಿದ್ದೇನೆ, ಅಂದರೆ ಏನೂ ಇಲ್ಲ.

ವಾಪಸು ಹೋದ ಮೇಲೆ ಮ್ಯಾನೇಜರರಿಗೆ ಎರಡು ಮಾತು ಬರೆದು ಕೊಟ್ಟೆ. ಗೇಟಿನ ಹತ್ತಿರ ಒಂದು ಪರದೆ ಹಾಕಿ, ಹೋಗುವಾಗ ತಮ್ಮ ನಂಬರಿನ ಆ ದಿನದ ಲೆಕ್ಕ ಅವರೇ ನೋಡಲಿ. ಕೆಂಪಾದದ್ದನ್ನು ಸ್ಕ್ಯಾನರ್ ದಾಖಲೆ ಜೊತೆ ತಾಳೆ ನೋಡದೆ ಗುತ್ತಿಗೆದಾರನಿಗೆ ಕಳಿಸುವುದು ಬೇಡ. ಪರದೆಗೆ ಬಜೆಟ್ ಇಲ್ಲ ಎಂದರು. ಎರಡನೆಯದಕ್ಕೆ "ನೋಡೋಣ" ಬಂತು. ಭಿವಂಡಿಯಲ್ಲೂ ಶಿರಸಿಯಲ್ಲೂ ಈ ಪದಕ್ಕೆ ಅರ್ಥ ಒಂದೇ.

ಆ ಹೆಣ್ಣುಮಗಳಿಗೆ ಫೋನ್ ಮಾಡಿ, ತಪ್ಪು ನಮ್ಮ ಯಂತ್ರದ್ದು, ಗುತ್ತಿಗೆದಾರನಿಗೆ ಹೇಳಿದ್ದೇನೆ, ಬಾ ಎಂದೆ. ಅವಳಾಗಲೇ ಪನ್ವೇಲ್ ಕಡೆ ಇನ್ನೊಂದು ಗೋದಾಮಿಗೆ ಸೇರಿದ್ದಳು. "ಇಲ್ಲೂ ಕೊಳ್ಳಾಗ ಅದನ್ನೇ ಹಾಕ್ಯಾರ್ರೀ ಸರ," ಅಂದಳು. "ಇಲ್ಲಿ ನಾ ನೂರಾ ಹನ್ನೆರಡು."