ಬಂಡಾಯಗಾರರೇ, ಪುಟಸಂಖ್ಯೆ ಹಾಕಿ

ಹನ್ನೊಂದಕ್ಕೆ ಪತ್ರಿಕೆಯ ಪುಟ ಮುದ್ರಣಕ್ಕೆ ಬಿಡಬೇಕು. ಹತ್ತೂಮುಕ್ಕಾಲಿಗೆ ವಾಟ್ಸ್‌ಆ್ಯಪ್‌ನಲ್ಲಿ ಧ್ವನಿ ಸಂದೇಶ: 'ಸರ್, ಬರೀತಾ ಇದೀನಿ. ಇನ್ನರ್ಧ ಗಂಟೆ.' ವರದಿ ತಿದ್ದಿ ಪುಟ ಕಟ್ಟುವ ಡೆಸ್ಕಿನಲ್ಲಿ ಕೂತವರಿಗೆಲ್ಲ ಈ ಅರ್ಧ ಗಂಟೆಯ ಅಳತೆ ಗೊತ್ತು. ಕಾಪಿ ಎಲ್ಲಪ್ಪಾ, ಬರೆದದ್ದು ಕಳಿಸು ಅಂತ ಗದರಿದರೆ ಈಗಿನ ಹುಡುಗರ ಬಾಯಲ್ಲಿ ಉತ್ತರ ಸಿದ್ಧವಾಗಿರುತ್ತದೆ: 'ಹಂಟರ್ ಥಾಂಪ್ಸನ್ ಕೂಡ ಲೇಟಾಗೇ ಕಳಿಸ್ತಿದ್ದ ಸರ್.'

ಅಮೆರಿಕದ ಪತ್ರಕರ್ತನಾದ ಆ ಪುಣ್ಯಾತ್ಮ 2005ರಲ್ಲೇ ತೀರಿಕೊಂಡ. ಅವನ ಹೆಸರು ಹೇಳಿಕೊಂಡು ತಡಮಾಡುವವರು ಮಾತ್ರ ಇನ್ನೂ ಹುಟ್ಟುತ್ತಲೇ ಇದ್ದಾರೆ.

ವರದಿಗಾರ ಗೋಡೆಗೆ ಅಂಟಿದ ಹಲ್ಲಿಯ ಹಾಗೆ ಮೂಲೆಯಲ್ಲಿ ನಿಂತು ನೋಡಬೇಕಿಲ್ಲ, ಕಥೆಯೊಳಕ್ಕೇ ಇಳಿದು ರಂಪ ಮಾಡಬಹುದು ಎಂದು ತೋರಿಸಿದವನು ಥಾಂಪ್ಸನ್. ಆ ಬಗೆಯ ಬರವಣಿಗೆಗೆ ಗೊಂಜೊ ಎಂಬ ಹೆಸರೂ ಬಂತು. ಶಿಷ್ಯರು ಅವನಿಂದ ಎತ್ತಿಕೊಂಡದ್ದು ಕೂಲಿಂಗ್ ಗ್ಲಾಸು, ಟೊಪ್ಪಿಗೆ ಮತ್ತು ವಿಳಂಬ. ಬೇಜಾರಿನ ಭಾಗ ಯಾರಿಗೂ ಬೇಡ. ಆತ ಮೊದಲು ಅಮೆರಿಕದ ವಾಯುಪಡೆಯ ನೆಲೆಯೊಂದರ ಪತ್ರಿಕೆಯಲ್ಲಿ ಕ್ರೀಡಾಪುಟ ನೋಡಿಕೊಂಡ. ಆಮೇಲೆ 'ಟೈಮ್' ವಾರಪತ್ರಿಕೆಯಲ್ಲಿ ಕಾಪಿ ಬಾಯ್, ಅಂದರೆ ಬರೆದ ಹಾಳೆ ಒಯ್ದುಕೊಡುವ ಹುಡುಗ, ಆಗಿದ್ದಾಗ ಫಿಟ್ಜ್‌ಜೆರಾಲ್ಡ್, ಹೆಮಿಂಗ್ವೇ ಕಾದಂಬರಿಗಳನ್ನು ಮುಂದಿಟ್ಟುಕೊಂಡು ಟೈಪ್ ಮಾಡುತ್ತಾ ಕೂತ. ಒಳ್ಳೆಯ ವಾಕ್ಯದ ಲಯ ಬೆರಳಿಗೆ ಹತ್ತಲಿ ಅಂತ. ಇಷ್ಟನ್ನು ಮಾಡಿದ ಮೇಲೆ ತಲೆಪ್ರತಿಷ್ಠೆಯಿಂದ ಅಲ್ಲಿ ಕೆಲಸ ಕಳೆದುಕೊಂಡ. ಮುಂದಿನ ಪತ್ರಿಕೆಯಲ್ಲಿ ಕಚೇರಿಯ ಮಿಠಾಯಿ ಯಂತ್ರಕ್ಕೆ ಒದ್ದು ಮನೆಗೆ ಹೋದ. (ಈ ಒಂದು ವಿಷಯದಲ್ಲಿ ಡೆಸ್ಕಿನ ಸಹಾನುಭೂತಿ ಪೂರ್ತಿ ಅವನ ಕಡೆಗೇ.)

1971ರಲ್ಲಿ 'ಸ್ಪೋರ್ಟ್ಸ್ ಇಲಸ್ಟ್ರೇಟೆಡ್' ಪತ್ರಿಕೆ ಅವನನ್ನು ಕೇಳಿದ್ದು ಲಾಸ್ ವೇಗಸ್‌ನ ಮರುಭೂಮಿ ರೇಸಿನ ಚಿತ್ರಗಳಿಗೆ 250 ಪದದ ಒಕ್ಕಣೆ. ಕಳಿಸಿದ್ದು 2,500 ಪದ. ಅವರು ಮುಖಕ್ಕೆ ಹೊಡೆದಂತೆ ವಾಪಸು ಕಳಿಸಿದರು. ಅದೇ ಮುಂದೆ ಬೆಳೆದು ಅವನ ಅತಿ ಪ್ರಸಿದ್ಧ ಪುಸ್ತಕವಾಯಿತು. ಈ ಕಥೆ ಕೇಳಿದ ಹುಡುಗರು ಹತ್ತು ಪಟ್ಟು ಬರೆಯುವುದನ್ನಷ್ಟೇ ಕಲಿತರು. ಕನ್ನಡದ 250 ಪದವೆಂದರೆ ಸುಮ್ಮನೆ ಅಲ್ಲ ಸ್ವಾಮಿ. ಒಂದೊಂದು ಪದವೂ ವಿಭಕ್ತಿ, ಅವ್ಯಯ ಎಲ್ಲ ಬಾಲಕ್ಕೆ ಕಟ್ಟಿಕೊಂಡು ಬರುತ್ತದೆ, ಒತ್ತಕ್ಷರಗಳಿಗೆ ಸಾಲಿನ ಕೆಳಗೆ ಬೇರೆ ಜಾಗ ಬೇಕು. ಪಕ್ಕದಲ್ಲಿ ಅರ್ಧ ಪುಟದ ಜಾಹೀರಾತು ಕಾಲು ಚಾಚಿ ಮಲಗಿದೆ. ಅದು ಒಂದಿಂಚೂ ಜರುಗುವುದಿಲ್ಲ, ಯಾಕೆಂದರೆ ಸಂಬಳ ಬರುವುದು ಅದರಿಂದ.

ಆದರೆ ನಿಜವಾದ ಸಂಕಟ ನೋಡಬೇಕಾದರೆ 1972ರ ಅಮೆರಿಕದ ಅಧ್ಯಕ್ಷೀಯ ಚುನಾವಣೆಗೆ ಹೋಗಬೇಕು. ಥಾಂಪ್ಸನ್ 'ರೋಲಿಂಗ್ ಸ್ಟೋನ್' ಪತ್ರಿಕೆಯ ಪರವಾಗಿ ಊರೂರು ಸುತ್ತುತ್ತಿದ್ದಾನೆ. ಅವನ ಕೈಗೊಂದು ಫ್ಯಾಕ್ಸ್ ಯಂತ್ರ ಸಿಕ್ಕಿದೆ. ಅದಕ್ಕೆ 'ಮೋಜೊ ವೈರ್' ಅಂತ ತಾನೇ ನಾಮಕರಣ ಮಾಡಿದ್ದಾನೆ. ಆ ಕಾಲದ ಇಂಥ ಯಂತ್ರ ಕೆಲಸ ಮಾಡುತ್ತಿದ್ದ ಬಗೆ ಹೀಗೆ: ಹಾಳೆಯನ್ನು ಉರುಳೆಗೆ ಸುತ್ತಬೇಕು. ಟೆಲಿಫೋನ್ ರಿಸೀವರನ್ನು ಯಂತ್ರದ ಮೇಲಿನ ಎರಡು ರಬ್ಬರ್ ಬಟ್ಟಲಿಗೆ ಒತ್ತಿ ಕೂರಿಸಬೇಕು. ಉರುಳೆ ತಿರುಗುತ್ತದೆ, ಬೆಳಕಿನ ಕಣ್ಣು ಹಾಳೆಯನ್ನು ಗೆರೆಗೆರೆಯಾಗಿ ಓದುತ್ತದೆ, ಕಪ್ಪು–ಬಿಳುಪು ಕೀರಲು ದನಿಯಾಗಿ ಫೋನಿನಲ್ಲಿ ಹೋಗುತ್ತದೆ. ಅತ್ತ ಕಡೆ ಇನ್ನೊಂದು ಉರುಳೆಯ ಮೇಲೆ ಮುಳ್ಳೊಂದು ಅದನ್ನು ಮತ್ತೆ ಗೀಚುತ್ತದೆ. ಒಂದು ಪುಟಕ್ಕೆ ನಾಲ್ಕರಿಂದ ಆರು ನಿಮಿಷ. ಫೋನ್ ತಂತಿಯಲ್ಲಿ ಗರಗರ ಬಂದರೆ ಪುಟದ ಮೇಲೆ ಅಡ್ಡಗೆರೆ. ಎರಡು ಉರುಳೆಗಳ ಹೆಜ್ಜೆ ತಪ್ಪಿದರೆ ಸಾಲುಗಳೆಲ್ಲ ಓರೆ.

ಈಗ ಲೆಕ್ಕ ಹಾಕಿ. ಇಪ್ಪತ್ತು ಪುಟಕ್ಕೆ ಆರರಂತೆ ಹಿಡಿದರೂ ಎರಡು ಗಂಟೆ. ಅದೂ ಎಲ್ಲ ಪುಟ ಬರೆದು ಮುಗಿದಿದ್ದರೆ. ಆತ ಕಳಿಸುತ್ತಿದ್ದದ್ದು ಬಿಡಿಬಿಡಿಯಾಗಿ. ನಡುವಿನ ತುಂಡು ಮೊದಲು, ಆರಂಭ ಆಮೇಲೆ, ಅಷ್ಟರಲ್ಲಿ 'ಸೇರ್ಪಡೆ' ಅಂತ ಇನ್ನೊಂದು ಹಾಳೆ. ಎಲ್ಲಿಗೆ ಸೇರ್ಪಡೆ? ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಕೂತ ಪತ್ರಿಕೆಯ ಸಂಪಾದಕರು ಈ ಹಾಳೆಗಳನ್ನೆಲ್ಲ ಹರಡಿಕೊಂಡು ಜೋಡಿಸಬೇಕು. ಸರಿ, ಫೋನ್ ಮಾಡಿ ಅವನನ್ನೇ ಕೇಳೋಣ ಎಂದರೆ ಫೋನು ಬಟ್ಟಲಲ್ಲಿ ಮಲಗಿದೆ! ಕಾಪಿ ಬರುತ್ತಿರುವಷ್ಟು ಹೊತ್ತೂ ವರದಿಗಾರನನ್ನು ಬಯ್ಯುವ ಹಾಗಿಲ್ಲ. ಬಯ್ಯಲು ಲೈನ್ ಸಿಕ್ಕಿತೆಂದರೆ ಕಾಪಿ ನಿಂತಿದೆ ಎಂದರ್ಥ. ಡೆಸ್ಕಿನವರ ಬಾಯಿ ಮುಚ್ಚಿಸಲು ಇದಕ್ಕಿಂತ ಸೊಗಸಾದ ಸಾಧನವನ್ನು ಮನುಷ್ಯ ಇಂದಿಗೂ ಕಂಡುಹಿಡಿದಿಲ್ಲ.

ನಮ್ಮ ಹುಡುಗರು ಸಾಕಷ್ಟು ಹತ್ತಿರ ಬಂದಿದ್ದಾರೆ ಅನ್ನಿ. ನಾಲ್ಕು ಪ್ಯಾರಾ ವಾಟ್ಸ್‌ಆ್ಯಪ್‌ನಲ್ಲಿ, ಎರಡು ಇಮೇಲ್‌ನಲ್ಲಿ, ಮುಖ್ಯ ಹೇಳಿಕೆ ಬಸ್ಸಿನ ಸದ್ದಿನೊಳಗೆ ಹೂತ ಆಡಿಯೊದಲ್ಲಿ. ಇಮೇಲಿನದು ಹಳೇ ಫಾಂಟಿನಲ್ಲಿ ಟೈಪಿಸಿದ್ದು. ಆ ಫಾಂಟುಗಳಲ್ಲಿ ಅರ್ಕಾವತ್ತನ್ನು ಅಕ್ಷರದ ನಂತರ ಇಟ್ಟಿರುತ್ತದೆ, ಯೂನಿಕೋಡಿನಲ್ಲಿ ರಕಾರ ಅಕ್ಷರಕ್ಕಿಂತ ಮೊದಲು ಬರಬೇಕು. ಪರಿವರ್ತಿಸುವ ತಂತ್ರಾಂಶ ಅದನ್ನು ಹಿಂದಕ್ಕೆ ಎಳೆಯಲು ಮರೆತರೆ 'ಸರ್ಕಾರ' ಹೋಗಿ 'ಸಕಾರ್ರ' ಬರುತ್ತದೆ. ವ್ಯವಸ್ಥೆಯ ವಿರುದ್ಧ ಗುಡುಗಿದ ಇಡೀ ಲೇಖನದಲ್ಲಿ ಸರ್ಕಾರಕ್ಕೆ ನಿಜವಾಗಿ ಆದ ಹಾನಿ ಅದೊಂದೇ. ಅದನ್ನೂ ನಾವು ತಿದ್ದಿಬಿಡುತ್ತೇವೆ.

ಥಾಂಪ್ಸನ್ನನನ್ನು ಬಯ್ಯುತ್ತಲೇ ಹೊಟ್ಟೆ ಉರಿಸಿದ್ದೊಂದನ್ನು ಹೇಳಬೇಕು. 1974ರ ಅಕ್ಟೋಬರ್‌ನಲ್ಲಿ ಆಫ್ರಿಕಾದ ಕಿನ್ಶಾಸಾದಲ್ಲಿ ಮಹಮ್ಮದ್ ಅಲಿ–ಜಾರ್ಜ್ ಫೋರ್‌ಮನ್ ಬಾಕ್ಸಿಂಗ್. ಚಿತ್ರಕಾರ ರಾಲ್ಫ್ ಸ್ಟೆಡ್‌ಮನ್ ಜೊತೆ ಅವನನ್ನು ಅಲ್ಲಿಗೇ ಕಳಿಸಿದ್ದರು. ಪಂದ್ಯದ ಹೊತ್ತಿಗೆ ಆತ ಹೋಟೆಲಿನ ಈಜುಕೊಳದಲ್ಲಿ ತೇಲುತ್ತಿದ್ದ. ಲೇಖನ ಬರಲೇ ಇಲ್ಲ. ತಡವಾಗಿ ಬಂದ ಕಾಪಿಯನ್ನು ಬಯ್ದುಕೊಂಡು ತಿದ್ದಬಹುದು. ಬಾರದೇ ಹೋದ ಆ ಕಾಪಿಯನ್ನು ನೆನೆದರೆ, ಓರೆ ಸಾಲಾಗಿದ್ದರೂ ಸರಿ, ಮಧ್ಯದ ತುಂಡೊಂದೇ ಆಗಿದ್ದರೂ ಸರಿ, ಬರಬೇಕಿತ್ತು ಅನಿಸುತ್ತದೆ.

ಇರಲಿ. ಗೊಂಜೊ ಎಂಬ ಹೆಸರಿಗೇ ಕಾರಣವಾದ 1970ರ ಕೆಂಟಕಿ ಡರ್ಬಿ ಕುದುರೆ ರೇಸಿನ ಲೇಖನದ ಒಂದು ವಿವರವನ್ನು ಶಿಷ್ಯರು ಯಾವತ್ತೂ ಹೇಳುವುದಿಲ್ಲ. ಗಡುವು ಮೀರಿ, ಬರೆಯಲಾಗದೆ, ಕೊನೆಗೆ ಆತ ಟಿಪ್ಪಣಿ ಪುಸ್ತಕದ ಹಾಳೆಗಳನ್ನೇ ಹರಿದು ಕಾಪಿ ಬಾಯ್ ಕೈಯಲ್ಲಿ ಕಳಿಸಿದ. ಹರಿದವನು ಪ್ರತಿ ಹಾಳೆಗೂ ಸಂಖ್ಯೆ ಹಾಕಿದ್ದ!

ನೀವೂ ಹಾಕಿ. ಎಷ್ಟು ತುಂಡಾದರೂ ಕಳಿಸಿ, ಒಂದು, ಎರಡು ಅಂತ ಬರೆಯಿರಿ. ಸೇರ್ಪಡೆ ಇದ್ದರೆ ಯಾವ ಪ್ಯಾರಾದ ಕೆಳಗೆ ಅಂತ ಹೇಳಿ. ಕೊನೆಯಲ್ಲಿ 'ಮುಗಿಯಿತು' ಅಂತ ಒಂದು ಪದ. ಇಲ್ಲವಾದರೆ ಅರ್ಧಕ್ಕೆ ನಿಂತದ್ದು ಶೈಲಿಯೋ, ಬ್ಯಾಟರಿ ಸತ್ತದ್ದೋ ತಿಳಿಯದೆ ಕೊನೆಯ ಸಾಲನ್ನು ನಾವೇ ಬರೆದು ಪುಟ ಬಿಡುತ್ತೇವೆ. ಬೆಳಿಗ್ಗೆ ಓದುಗರು ಆ ಸಾಲನ್ನೇ ಮೆಚ್ಚಿ ನಿಮಗೆ ಫೋನ್ ಮಾಡಿದರೆ ಸುಮ್ಮನೆ ಥ್ಯಾಂಕ್ಸ್ ಹೇಳಿ ಇಟ್ಟುಬಿಡಿ.