ಬ್ಯಾಟರಿ ರಿಪೇರಿಯಾದ ಮೇಲೆ ಯಾರು ಹೊಣೆ?

ಎಲೆಕ್ಟ್ರಿಕ್ ಸ್ಕೂಟರ್ ಹೊತ್ತಿ ಉರಿದ ವಿಡಿಯೋ ಬಂದಾಗಲೆಲ್ಲ 'ಸರ್ಕಾರ ಮಲಗಿದೆಯಾ' ಅಂತ ಬೈಯುವವರಿದ್ದಾರೆ. ನಿಯಮ ಇದೆ ಸ್ವಾಮಿ. 2022ರಲ್ಲಿ ಒಂದಾದ ಮೇಲೊಂದು ಸ್ಕೂಟರ್ ಸುಟ್ಟ ನಂತರ ಭಾರತ ಎಐಎಸ್-156 ಅನ್ನೋ ಇ-ವಾಹನ ಬ್ಯಾಟರಿ ಸುರಕ್ಷತಾ ಮಾನದಂಡವನ್ನು ಬಿಗಿ ಮಾಡಿತು. ಅದೇ ಡಿಸೆಂಬರ್‌ನಲ್ಲಿ ಮೊದಲ ಹಂತ, 2023ರ ಮಾರ್ಚ್ ಕೊನೆಗೆ ಎರಡನೆಯದು. ಬ್ಯಾಟರಿ ಪ್ಯಾಕ್ ಒಳಗೆ ನೀರು ಹೋಗಬಾರದು, ಅದರೊಳಗಿನ ಪುಟ್ಟ ಬ್ಯಾಟರಿಗಳಲ್ಲಿ, ಅಂದರೆ ಸೆಲ್‌ಗಳಲ್ಲಿ, ಒಂದು ಕೆಟ್ಟು ಕಾದರೆ ಆ ಬೆಂಕಿ ಇಡೀ ಪ್ಯಾಕಿಗೆ ಹಬ್ಬಬಾರದು. ಒಳ್ಳೆಯ ನಿಯಮಗಳೇ.

ಆದರೆ ಈ ಪರೀಕ್ಷೆಯೆಲ್ಲ ಹೊಸ ಪ್ಯಾಕಿಗೆ. ನನ್ನ ತಕರಾರು ಅಲ್ಲೇ.

ಬಿಚ್ಚಿದ ಪ್ಯಾಕ್ ನೋಡಿದವರಿಗೆ ಗೊತ್ತಿರುತ್ತದೆ (ನೀವು ಬಿಚ್ಚೋಕೆ ಹೋಗಬೇಡಿ ಮಾರಾಯ್ರೇ). ಬೆರಳುದ್ದದ ಸೆಲ್‌ಗಳು ಸಾಲಾಗಿ ನಿಂತಿರುತ್ತವೆ, ಮೇಲೆ ನಿಕ್ಕಲ್ ಪಟ್ಟಿ ವೆಲ್ಡ್ ಮಾಡಿರುತ್ತಾರೆ. ನಾಲ್ಕೈದು ಸೆಲ್ ಸತ್ತವು ಅನ್ನಿ. ಹಳೇ ಲ್ಯಾಪ್‌ಟಾಪ್ ಬ್ಯಾಟರಿಯಿಂದ ಕಿತ್ತ ಸೆಲ್ ಸೇರಿಸಿ, ಟೇಪ್ ಸುತ್ತಿ ಕೊಟ್ಟುಬಿಡುವವರಿದ್ದಾರೆ. ಸೊರಗಿದ ಸೆಲ್ ಉಳಿದವಕ್ಕಿಂತ ಬೇಗ ತುಂಬುತ್ತದೆ. ಬಿಎಂಎಸ್ (ಪ್ಯಾಕಿನ ಚಾರ್ಜ್ ಮೇಲೆ ಕಣ್ಣಿಡುವ ಸರ್ಕ್ಯೂಟ್) ಗಮನಿಸದಿದ್ದರೆ ತುಂಬಿದ ಮೇಲೂ ಕರೆಂಟ್ ಹೋಗುತ್ತಲೇ ಇರುತ್ತದೆ. ಇದಕ್ಕೆ ಯಾವ ಪರೀಕ್ಷೆಯ ಸರ್ಟಿಫಿಕೇಟ್ ಅನ್ವಯಿಸುತ್ತೆ ಹೇಳಿ?

ಚಾರ್ಜರ್ ಕಥೆಯೂ ಹಾಗೇ. 13 ಸೆಲ್ ಸಾಲಿನ 48 ವೋಲ್ಟ್ ಪ್ಯಾಕ್ ಪೂರ್ತಿ ತುಂಬಿದಾಗ 54.6 ವೋಲ್ಟ್. 16 ಸಾಲಿನದಾದರೆ 67.2. ಎರಡೂ ಚಾರ್ಜರ್‌ಗಳ ಪಿನ್ ಒಂದೇ ಥರ ಇದ್ದರೆ ತಪ್ಪು ಚಾರ್ಜರ್ ಕೂಡ ಸಲೀಸಾಗಿ ಕೂರುತ್ತದೆ, ದೀಪವೂ ಹತ್ತುತ್ತದೆ. ಪಿನ್ ಕೂರದಂತೆ ಮಾಡುವುದು ಅಂಥ ದೊಡ್ಡ ವಿಜ್ಞಾನವೇನಲ್ಲ. ವೋಲ್ಟೇಜಿಗೊಂದು ಪಿನ್ ಕಡ್ಡಾಯ ಮಾಡಿದರೆ ಸಾಕು, ಅಲ್ವಾ?

ಇನ್ನು 250 ವ್ಯಾಟ್, 25 ಕಿಲೋಮೀಟರ್ ವೇಗದೊಳಗಿನ ಗಾಡಿಗಳಿಗೆ ಇಲ್ಲಿ ನೋಂದಣಿಯೇ ಬೇಡ. ಯಾರ ಕೈಯಿಂದ ಯಾರ ಕೈಗೆ ಹೋಯಿತು ಅನ್ನೋ ಲೆಕ್ಕವೂ ಇಲ್ಲ.

ನ್ಯೂಯಾರ್ಕ್ ನಗರ ಈ ವಿಷಯದಲ್ಲಿ ಸ್ವಲ್ಪ ಮುಂದೆ ಹೋಯಿತು. ಹಳೇ ಬ್ಯಾಟರಿಯ ಸೆಲ್ ತೆಗೆದು ಕಟ್ಟಿದ ಪ್ಯಾಕ್ ಮಾರುವುದನ್ನೇ 2023ರಲ್ಲಿ ನಿಷೇಧಿಸಿತು. ಆ ವರ್ಷ ಅಲ್ಲಿ ಲಿಥಿಯಂ ಬ್ಯಾಟರಿಯಿಂದ 268 ಬೆಂಕಿ, 18 ಸಾವು. ಮರುವರ್ಷ ಬೆಂಕಿ 277, ಸಾವು 6. ಸಾವು ಇಳಿಯಿತು, ಬೆಂಕಿ ಇಳಿಯಲಿಲ್ಲ. ಮಾರಾಟ ನಿಲ್ಲಿಸಿದ ಮಾತ್ರಕ್ಕೆ ಆಗಲೇ ಮನೆ ಸೇರಿದ ಪ್ಯಾಕ್‌ಗಳು ವಾಪಸ್ ಬರುವುದಿಲ್ಲವಲ್ಲ. ಚೀನಾದ ನಾನ್‌ಜಿಂಗ್‌ನಲ್ಲಿ 2024ರ ಫೆಬ್ರವರಿಯಲ್ಲಿ ನೆಲಮಹಡಿಯಲ್ಲಿ ನಿಲ್ಲಿಸಿದ್ದ ಇ-ಬೈಕ್‌ಗಳಿಂದ ಹೊತ್ತಿದ ಬೆಂಕಿಗೆ 15 ಜನ ಸತ್ತರು. ಅದೇ ನವೆಂಬರ್‌ನಲ್ಲಿ ಅಲ್ಲಿ ಇ-ಬೈಕ್ ಬ್ಯಾಟರಿಗೆ ಹೊಸ ಕಡ್ಡಾಯ ಮಾನದಂಡ ಜಾರಿಯಾಯಿತು.

ಹಾಗಂತ ರಿಪೇರಿಯನ್ನೇ ನಿಲ್ಲಿಸಿ ಅಂತ ನಾನು ಹೇಳುವುದಿಲ್ಲ. ಹೊಸ ಪ್ಯಾಕ್ ದುಬಾರಿ. ಕಂಪನಿಯಲ್ಲೇ ಮಾಡಿಸಿ ಅಂದರೆ ಜನ ಕದ್ದುಮುಚ್ಚಿ ಮಾಡಿಸುತ್ತಾರೆ, ಆಗ ಅಪಾಯ ಜಾಸ್ತಿ. ರಿಪೇರಿ ಮಾಡುವವರಿಗೆ ತರಬೇತಿ ಕೊಡಿ, ಲೈಸೆನ್ಸ್ ಕೊಡಿ. ಯಾವ ಸೆಲ್ ಹಾಕಿದ್ದು, ಯಾರು, ಯಾವತ್ತು ಅಂತ ಪ್ಯಾಕ್ ಮೇಲೆ ಚೀಟಿ ಅಂಟಿಸಲಿ. ಕಂಪನಿಗಳೂ ತಮ್ಮ ಪ್ಯಾಕಿಗೆ ಹೊಂದುವ ಹೊಸ ಸೆಲ್‌ಗಳನ್ನು ಅವರಿಗೆ ಮಾರಲೇಬೇಕು ಅಂತ ನಿಯಮದಲ್ಲೇ ಬರೆಯಿರಿ.