ಬ್ಯಾನರ್ ಮೊದಲು, ಗುದ್ದಲಿ ಆಮೇಲೆ

ಮಲೆನಾಡಿನ ಯಾವುದೇ ಕಣಿವೆಯಲ್ಲಿ ಕಾಲುದಾರಿ ಶ್ರಮದಾನ ಅಂದರೆ ಎಲ್ಲರಿಗಿಂತ ಮೊದಲು ಹಾಜರಾಗುವುದು ಬ್ಯಾನರ್. ಅದನ್ನು ಕಟ್ಟಲು ಎರಡು ಮರ ಬೇಕು. ಮರಕ್ಕೆ ಮೊಳೆ ಹೊಡೆಯಬಾರದು ಎಂದು ಒಬ್ಬರು, ಹಗ್ಗ ಯಾರು ತರಬೇಕಿತ್ತು ಎಂದು ಇನ್ನೊಬ್ಬರು. ಗಂಟು ಬಿಗಿಯುವಷ್ಟರಲ್ಲಿ ಆರಿದ್ರಾ ಮಳೆ ಒಂದು ಸುತ್ತು ಹೊಡೆದು ಹೋಗಿರುತ್ತದೆ, ತಂದ ಅವಲಕ್ಕಿ ಅರ್ಧ ಖಾಲಿ. ಗುದ್ದಲಿಗಳು ಮಾತ್ರ ಇನ್ನೂ ಪಿಕಪ್ ಗಾಡಿಯಲ್ಲೇ ಮಲಗಿರುತ್ತವೆ.

ಕಾಗದಪತ್ರದ ವಿಷಯ ಚಿಕ್ಕದು. ಮೀಸಲು ಅರಣ್ಯವಾದರೆ ವಲಯ ಅರಣ್ಯಾಧಿಕಾರಿ ಕಚೇರಿಯಿಂದ ಲಿಖಿತ ಒಪ್ಪಿಗೆ ಪಡೆಯಿರಿ, ಜೊತೆಗೊಬ್ಬ ಗಾರ್ಡನ್ನೂ ಕೇಳಿಕೊಳ್ಳಿ. "ಒಳ್ಳೆ ಕೆಲಸಕ್ಕೆ ಎಂತ ಪರ್ಮಿಶನ್ ಮಾರಾಯ" ಎನ್ನುವವರು ಪ್ರತಿ ತಂಡದಲ್ಲೂ ಒಬ್ಬರು ಇರುತ್ತಾರೆ. ಅವರ ಕೈಗೆ ಕತ್ತಿ ಕೊಡಬೇಡಿ. ಅವಲಕ್ಕಿ ಕಲಸಲು ಕೂರಿಸಿ.

ಇನ್ನು ನೀರು. ಆಗುಂಬೆಯಂಥ ಕಡೆ ವರ್ಷದ ಸರಾಸರಿ ಮಳೆ 7,000 ಮಿಲಿಮೀಟರ್ ದಾಟುತ್ತದೆ. ಅದರ ಬಹುಪಾಲು ಸುರಿಯುವುದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಮನುಷ್ಯರಿಗೆ ಇಳಿಯಲು ಸಲೀಸಾದ ದಾರಿ ನೀರಿಗೂ ಸಲೀಸು. ಒಂದು ಮಳೆಗಾಲ ಸುಮ್ಮನೆ ಬಿಟ್ಟರೆ ಕಾಲುದಾರಿ ಹಳ್ಳವಾಗಿ, ಮರುವರ್ಷ ಜನ ಅದರ ಪಕ್ಕದಲ್ಲಿ ಇನ್ನೊಂದು ದಾರಿ ತುಳಿದು, ಅದೂ ಹಳ್ಳವಾಗುತ್ತದೆ. ಆದ್ದರಿಂದ ಮೊದಲ ಕೆಲಸ ದಾರಿಯನ್ನು ಕಣಿವೆಯ ಕಡೆಗೆ ಒಂಚೂರು ಓರೆ ಮಾಡುವುದು. ಮೂರು ಅಡಿ ಅಗಲದ ದಾರಿಗೆ ಒಂದೂವರೆ ಇಂಚು ಇಳಿಜಾರು ಸಾಕು. ಅದಕ್ಕಿಂತ ಜಾಸ್ತಿ ಓರೆ ಮಾಡಿದರೆ ನೀರಿನ ಜೊತೆ ನಡೆಯುವವರೂ ಕಣಿವೆಯ ಕಡೆಗೇ ಹೋಗುತ್ತಾರೆ.

ಎರಡನೆಯದು ಅಡ್ಡಗಾಲುವೆ. ದಾರಿಗೆ ಅಡ್ಡಲಾಗಿ, ಆದರೆ 30ರಿಂದ 45 ಡಿಗ್ರಿ ಓರೆಯಾಗಿ, ಸಾಲುಗಲ್ಲು ಹೂಳಬೇಕು. ಪ್ರತಿ ಕಲ್ಲಿನ ಮೂರರಲ್ಲಿ ಎರಡು ಪಾಲು ಮಣ್ಣೊಳಗೆ ಇರಬೇಕು. ಕಲ್ಲುಸಾಲಿನ ಏರುಬದಿಗೆ ಒಂದು ತೋಡು ತೆಗೆದು, ಅದರ ಬಾಯನ್ನು ದಾರಿಯಂಚಿನಿಂದ ಕನಿಷ್ಠ ಮೂರು ಅಡಿ ಆಚೆಗೆ ಒಯ್ದು ಬಿಡಬೇಕು. ಏರು ಕಡಿದಾದಷ್ಟೂ ಹತ್ತಿರ ಹತ್ತಿರ. ಚೆನ್ನಾಗಿ ಕಡಿದಾದ ಕಡೆ ಹತ್ತು ಹದಿನೈದು ಮೀಟರಿಗೆ ಒಂದು.

ಎಡವಟ್ಟಾಗುವುದು ಇಲ್ಲೇ. ತಂಡದಲ್ಲಿ ಮನೆ ಕಟ್ಟಿಸಿದ ಅನುಭವ ಇರುವವರೊಬ್ಬರು ಇದ್ದೇ ಇರುತ್ತಾರೆ. ಅವರಿಗೆ ಓರೆ ಕಂಡರಾಗದು. ದಾರ ಹಿಡಿದು, ಮೂಲೆಮಟ್ಟ ಇಟ್ಟು, ದಾರಿಗೆ ಕರಾರುವಾಕ್ಕಾಗಿ ನೇರ ಅಡ್ಡ ಕಲ್ಲು ಕೂರಿಸುತ್ತಾರೆ. ಫೋಟೋದಲ್ಲಿ ಬಹಳ ಚಂದ. ನೇರ ಅಡ್ಡ ಸಿಕ್ಕ ಕಲ್ಲಿಗೆ ನೀರು ಬಡಿದು ನಿಲ್ಲುತ್ತದೆ, ನಿಂತ ನೀರು ಹೊತ್ತು ತಂದ ಮಣ್ಣು ದರಗನ್ನೆಲ್ಲ ಅಲ್ಲೇ ಇಳಿಸುತ್ತದೆ, ತೋಡು ಹೂಳುತ್ತದೆ, ಪುನರ್ವಸು ಮಳೆಗೆ ನೀರು ಕಲ್ಲಿನ ಮೇಲೆ ಹಾರಿ ಕೆಳಗಡೆ ಗುಂಡಿ ಕೊರೆಯುತ್ತದೆ. ಪುಷ್ಯ ಮಳೆಗೆ ಕಲ್ಲೇ ಇರುವುದಿಲ್ಲ. ಕಾಲುವೆ ಸರಿಯಾಗಿದೆಯೋ ಎಂದು ತಿಳಿಯಲು ಮೇಲಿನಿಂದ ಒಂದು ಕೊಡ ನೀರು ಸುರಿದು ನೋಡಿದರೆ ಸಾಕು. ವಾದ ಮುಗಿಯುತ್ತದೆ, ಮನೆ ಕಟ್ಟಿಸಿದವರದ್ದು ಬಿಟ್ಟು. ಸರಿಯಾಗಿ ಕಟ್ಟಿದ ಕಾಲುವೆಗೂ ಒಂದು ಶತ್ರು ಉಂಟು: ಮೇಲ್ಗಡೆ ಕಳೆ ಸವರುವವರು. ಸವರಿದ ಸೊಪ್ಪನ್ನೆಲ್ಲ ಎತ್ತಿ ಹಾಕಲು ಅವರಿಗೆ ಸಿಗುವ ಅನುಕೂಲದ ತಗ್ಗು ಅದೊಂದೇ.

ಕಳೆಯ ಕಡೆ ಬಂದರೆ ದೊಡ್ಡ ತಲೆನೋವು ಲಂಟಾನ. ಕತ್ತಿ ಹಿಡಿದ ಹುಡುಗರು ಮೊಣಕಾಲೆತ್ತರಕ್ಕೆ ಕಚಕಚ ಸವರಿ ಅರ್ಧ ಗಂಟೆಯಲ್ಲಿ ಬಯಲು ಮಾಡಿಬಿಡುತ್ತಾರೆ. ಚಪ್ಪಾಳೆಯೂ ಬೀಳುತ್ತದೆ. ಲಂಟಾನ ಚಿಗುರುವುದು ಬುಡದ ಭಾಗದಿಂದ. ಒಂದು ಕೋಲು ಕಡಿದಲ್ಲಿ ನಾಲ್ಕು ಬರುತ್ತವೆ. ಕ್ರಮ ಹೀಗೆ: ಬುಡದ ಸುತ್ತ ಮಣ್ಣು ಬಿಡಿಸಿ, ಪಿಕಾಸಿಯಲ್ಲಿ ಮುಖ್ಯ ಬೇರನ್ನು ನೆಲದಿಂದ ಎರಡು ಬೆರಳು ಕೆಳಗೆ, ಅಂದರೆ ಮೂರರಿಂದ ಐದು ಸೆಂಟಿಮೀಟರ್ ಆಳದಲ್ಲಿ ಕಡಿಯಬೇಕು. ಆಮೇಲೆ ಇಡೀ ಪೊದೆಯನ್ನು ತಲೆಕೆಳಗಾಗಿಸಿ, ಬೇರು ಮಣ್ಣಿಗೆ ತಾಗದ ಹಾಗೆ ಒಣಗಲು ಬಿಡಬೇಕು. ಹಣ್ಣಾಗುವ ಮೊದಲೇ ಈ ಕೆಲಸ ಮುಗಿದರೆ ಒಳ್ಳೆಯದು. ತಡವಾದರೆ ಪಿಕಳಾರ ಹಣ್ಣು ತಿಂದು, ಪಕ್ಕದ ಮರದ ಮೇಲೆ ಕೂತು ಬೀಜ ಉದುರಿಸಿ, ನಿಮ್ಮ ಶ್ರಮದಾನಕ್ಕೆ ತನ್ನದೂ ಸೇರಿಸುತ್ತದೆ. ಹಾಗಾಗಿ ಮರುವರ್ಷ ಸಸಿ ಕೀಳಲು ಹೋಗಬೇಕಾದ ಜಾಗ ಹಕ್ಕಿ ಕೂರುವ ಮರಗಳ ಬುಡ. ಆ ದಿನಕ್ಕೆ ಬ್ಯಾನರ್ ಇರುವುದಿಲ್ಲ, ಜನವೂ ಇರುವುದಿಲ್ಲ.

ಸವರುವ ಹುರುಪಿನಲ್ಲಿ ಧರೆಯ, ಅಂದರೆ ದಾರಿ ಪಕ್ಕದ ಮಣ್ಣಿನ ಗೋಡೆಯ, ಜರಿಗಿಡ, ಗುರಿಗೆ, ಕುಂಟುನೇರಳೆ ಎಲ್ಲ ನೆಲಸಮವಾಗುವುದೂ ಉಂಟು. ಮಣ್ಣು ಹಿಡಿದುಕೊಂಡಿದ್ದದ್ದೇ ಅವು. "ಕ್ಲೀನ್ ಆಯ್ತು" ಎಂದು ಕೈ ಒರೆಸಿಕೊಂಡ ಧರೆ ಆಗಸ್ಟಿನಲ್ಲಿ ದಾರಿಯ ಮೇಲೆ ಮಲಗಿರುತ್ತದೆ. ಕಡಿಯುವ ಮೊದಲು ಊರಿನ ಹಿರಿಯರೊಬ್ಬರನ್ನು ಕೇಳುವುದಕ್ಕೆ ಇನ್ನೊಂದು ಕಾರಣ ಹೊಳೆಗೇರು ಮರ. ಅದರ ಸೊನೆ ತಾಗಿದರೆ ಮೈ ಬೊಕ್ಕೆ ಏಳುತ್ತದೆ, ಮುಖ ಊದುತ್ತದೆ. ತಾಗಿದ ಕೂಡಲೇ ಸೋಪು ಹಾಕಿ ತೊಳೆಯಬೇಕು. ಊರುಗೋಲು ನುಣುಪಾಗಿರಲಿ ಎಂದು ಅದರದ್ದೇ ಕೊಂಬೆ ಕಡಿದು ಸಿಪ್ಪೆ ಸುಲಿದವರಿಗೆ ಮರುದಿನ ಮೊಬೈಲು ಮುಖ ಗುರುತಿಸುವುದಿಲ್ಲ.

ಇಂಬಳದ ಬಗ್ಗೆ ಹೊಸಬರಿಗೆ ಹೇಳಿದಷ್ಟೂ ಕಡಿಮೆ, ಹೇಳಿದಷ್ಟೂ ಗಾಬರಿ. ಕೋಲಿನ ತುದಿಗೆ ಹೊಗೆಸೊಪ್ಪು, ಸುಣ್ಣದ ಗಂಟು ಕಟ್ಟಿ ಒದ್ದೆ ಮಾಡಿಕೊಂಡು ಮುಟ್ಟಿಸಿದರೆ ಬಿಡುತ್ತದೆ. ಗಂಟು ಇಲ್ಲದಿದ್ದರೆ ಉಗುರನ್ನು ಅದರ ಬಾಯಡಿ ತೂರಿಸಿ ಮೆಲ್ಲಗೆ ಸರಿಸಿ. ಎಳೆಯಬೇಡಿ. ಬಿಟ್ಟ ಮೇಲೂ ರಕ್ತ ಹರಿಯುತ್ತಲೇ ಇರುತ್ತದೆ. ಇಂಬಳ ಬಿಟ್ಟುಹೋದ ಜೊಲ್ಲಿನ ಅಂಶ ರಕ್ತವನ್ನು ಹೆಪ್ಪುಗಟ್ಟಲು ಬಿಡದಿರುವುದೇ ಕಾರಣ. ಬಿಳಿ ಪ್ಯಾಂಟಿನಲ್ಲಿ ಉದ್ಘಾಟನೆಗೆ ಬಂದ ಅತಿಥಿಗಳಿಗೆ ಈ ವಿವರಣೆಯನ್ನು ಅವರು ಕೂತ ಮೇಲೆ ಕೊಡುವುದು ಕ್ಷೇಮ.

ಕಡೆಗೆ ಗಿಡ ನೆಡುವುದು, ಅಂದರೆ ಫೋಟೋ. ಒಂದು ಸಸಿ, ಎಂಟು ಕೈ. ಒಂದೂವರೆ ಅಡಿ ಉದ್ದ ಅಗಲ ಆಳದ ಗುಂಡಿ ಬೇಕು. ಜಂಬಿಟ್ಟಿಗೆ ನೆಲದಲ್ಲಿ ಇದು ಹಾರೆಯ ಕೆಲಸ, ಹಾಗಾಗಿ ಕೊನೆಕೊನೆಗೆ ಗುಂಡಿಗಳು ಗೇಣುದ್ದಕ್ಕೆ ಇಳಿಯುತ್ತವೆ. ಅವಸರದಲ್ಲಿ ಪ್ಲಾಸ್ಟಿಕ್ ಚೀಲ ಸಮೇತ ನೆಟ್ಟವುಗಳಲ್ಲಿ ಬೇರು ಒಳಗೇ ಸುತ್ತಿಕೊಂಡು ಗಿಡ ಕುಗ್ಗುತ್ತದೆ. ಆದ್ದರಿಂದ ಖಾಲಿ ಚೀಲ ಎಣಿಸಿ, ಸಸಿಯ ಲೆಕ್ಕಕ್ಕೆ ತಾಳೆ ನೋಡಿ. ಬಯಲುಸೀಮೆಯ ನೆಂಟರು ಬುಡಕ್ಕೆ ಪಾತಿ ಮಾಡುತ್ತಾರೆ. ಇಲ್ಲಿ ಪಾತಿಯಲ್ಲಿ ನೀರು ನಿಂತು ಬೇರು ಕೊಳೆಯುತ್ತದೆ, ಬುಡಕ್ಕೆ ಮಣ್ಣು ಏರಿಸಬೇಕು. ಸಸಿಯನ್ನೂ ಊರ ಕಾಡಿನ ಬೀಜದಿಂದಲೇ ಮಾಡಿಕೊಳ್ಳುವುದು ಮೇಲು. ಆದರೆ ಧೂಪ, ರಾಮಪತ್ರೆ, ನೇರಳೆ ಬೀಜಗಳನ್ನು ಹಪ್ಪಳದ ಹಾಗೆ ಅಂಗಳದಲ್ಲಿ ಒಣಗಿಸಿಟ್ಟರೆ ಮೊಳೆಯುವುದಿಲ್ಲ. ತಂದ ಕೆಲವೇ ದಿನಗಳಲ್ಲಿ ಬಿತ್ತಬೇಕು. ಇನ್ನು ಕೊಡಚಾದ್ರಿಯಂಥ ಬೆಟ್ಟಗಳ ನೆತ್ತಿಯ ಹುಲ್ಲುಗಾವಲು ಖಾಲಿ ಜಾಗ ಅಲ್ಲ. ಅಲ್ಲಿ ಮರ ನೆಡುವ ಉಪಕಾರ ಬೇಡ.

ನೆಟ್ಟ ಸಸಿ ಕಳೆ ಸವರುವಾಗ ಕಡಿದುಹೋಗದಿರಲಿ ಎಂದು ಪಕ್ಕದಲ್ಲಿ ಗೂಟ ಹುಗಿದು ಕೆಂಪು ಬಟ್ಟೆ ಕಟ್ಟುವ ಪದ್ಧತಿ ಒಳ್ಳೆಯದೇ. ಗೂಟಕ್ಕೆ ಮಾತ್ರ ಒಣಬಿದಿರು ಬಳಸಿ. ಬೇಲಿಯಿಂದ ಹಸಿ ಗ್ಲಿರಿಸಿಡಿಯಾ ಕಡಿದು ಹುಗಿದರೆ ಆ ಮಳೆಗೆ ಅದು ಬೇರು ಬಿಟ್ಟು ಚಿಗುರುತ್ತದೆ. ಅಕ್ಟೋಬರ್‌ನಲ್ಲಿ ಎಣಿಕೆಗೆ ಹೋದವರು ನೂರಕ್ಕೆ ನೂರು ಬದುಕಿದೆ ಎಂದು ಬರೆದುಕೊಂಡು ಬರುತ್ತಾರೆ. ಬದುಕಿದ್ದು ಗೂಟ, ಅದೂ ಮಧ್ಯ ಅಮೆರಿಕದ್ದು.